ಶೇಂಗಾ ಎಣ್ಣೆಯಲ್ಲಿ ಬರೆದ ಮುಖ

ಸಿಂಧನೂರಿನ ನಮ್ಮ ಮಣ್ಣು ಮಾಳಿಗೆಯ ಮನೆಯಲ್ಲಿ ದೇವರ ಪಟಗಳು ಬೇಕಾದಷ್ಟಿದ್ದವು, ಮನುಷ್ಯರ ಫೋಟೋ ಒಂದೂ ಇರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಗಟ್ಟಿಯಾಗಿ ನಂಬಿದ್ದಳು. ಕಾಕಾನ ಮದುವೆಯಲ್ಲಿ ರಾಯಚೂರಿನಿಂದ ಫೋಟೋದವನನ್ನು ಕರೆಸುವ ಮಾತು ಬಂದಾಗ ಅವಳು ದೊಡ್ಡ ರಂಪ ಮಾಡಿ ನಿಲ್ಲಿಸಿದ್ದಳಂತೆ. ಹೀಗಾಗಿ ಕಾಕಾ ಮನೆ ಬಿಟ್ಟು ಹೋದ ಮೇಲೆ ಅವನ ಮುಖ ನಮ್ಮ ಮನೆಯಲ್ಲಿ ಎಲ್ಲಿಯೂ ಉಳಿಯಲಿಲ್ಲ. ಇದಕ್ಕಾಗಿ ಆಯಿ ತನ್ನನ್ನು ತಾನು ಬೈದುಕೊಂಡದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಉಳಿದವರನ್ನು ಬೈಯುವುದನ್ನು ಮಾತ್ರ ದಿನವೂ ಕೇಳುತ್ತಿದ್ದೆ.

ಕಾಕಾ ಶರಣಪ್ಪ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಕಾಲುವೆಯ ನೀರು ನಮ್ಮ ಸೀಮೆಗೆ ಬಂದ ಹೊಸತರಲ್ಲಿ, ಭತ್ತ ಬೆಳೆದು ಪಳಗಿದ್ದ ಆಂಧ್ರದ ಕಡೆಯ ಮಂದಿ ಬಂದು ಹೊಲ ಕೇಳತೊಡಗಿದರು. ಬಿಳಿಜೋಳ, ಅಗಸೆ, ಕುಸುಬೆ ಇಷ್ಟೇ ಗೊತ್ತಿದ್ದ ಅಪ್ಪನಿಗೆ ನೀರು ನಿಂತ ಹೊಲವನ್ನು ನೋಡಿದರೇ ಭಯ. ಗೊರೇಬಾಳದ ದಿಕ್ಕಿಗಿದ್ದ ನಮ್ಮ ಎರೆಹೊಲವನ್ನು ಅವರಿಗೆ ಮಾರಿ ಕೊಟ್ಟುಬಿಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ವಿಷಯ ಹೊರಬಿದ್ದದ್ದು ಊಟದ ಹೊತ್ತಿನಲ್ಲಿ. ಪಡಸಾಲೆಯಲ್ಲಿ ಅಪ್ಪ, ಕಾಕಾ ಎದುರಾಬದುರಾ ಕೂತಿದ್ದರು, ಅವ್ವ ರೊಟ್ಟಿ ನೀಡುತ್ತಿದ್ದಳು. ನಾನಾಗ ತೀರ ಸಣ್ಣವಳು, ಆದರೂ ಆ ಮಾತುಗಳು ನನಗೆ ನೆನಪಿವೆ, ಅಥವಾ ಮನೆಯವರು ಮತ್ತೆ ಮತ್ತೆ ಆಡಿ ನೆನಪು ಮಾಡಿಸಿದ್ದಾರೆ.

“ನನ್ನ ಪಾಲಿನ ಹೊಲ ನನ್ನ ಒಂದ ಮಾತು ಕೇಳದ ಹ್ಯಾಂಗ ಕೊಟ್ಟಿ?”

“ನಿನಗೇನ್ ತಿಳೀತೈತಿ? ಕೆಸರಾಗ ನಿಂತು ಭತ್ತ ಹಚ್ಚಾಂವ ನೀನೇನು?”

“ಹಚ್ಚತೀನೋ ಬಿಡತೀನೋ, ಕೇಳಬೇಕಿತ್ತು.”

ಕಾಕಾ ಉಣ್ಣುವ ಗಂಗಾಳ ಸರಿಸಿ ಎದ್ದ. ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಹೈದರಾಬಾದಿನಲ್ಲಿ ಕಂಡೆನೆಂದು ಒಬ್ಬರು, ಮುಂಬಯಿಯ ಗಿರಣಿಯಲ್ಲಿದ್ದಾನೆಂದು ಇನ್ನೊಬ್ಬರು ಹೇಳಿದರು. ಅಪ್ಪ ಒಂದೆರಡು ಕಡೆ ಹೋಗಿ ಹುಡುಕಿಯೂ ಬಂದ, ಪತ್ತೆ ಹತ್ತಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಊಟವೆಂದರೆ ಜಗಳದ ಹೊತ್ತು. ಅಪ್ಪ ಕಾಲುವೆಯ ಅಕ್ಕಿಯ ಅನ್ನ ರೂಢಿ ಮಾಡಿಕೊಂಡಿದ್ದ. ಆಯಿ ಮಾತ್ರ ಆ ಅನ್ನವನ್ನು ಮುಟ್ಟುತ್ತಿರಲಿಲ್ಲ. ಒಣಗಿ ಗಟ್ಟಿಯಾದ ಜೋಳದ ಕಟಿರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಣ್ಣುತ್ತ, ಅಪ್ಪನ ಕಡೆ ನೋಡದೆ, ಅಪ್ಪನಿಗೆ ಕೇಳುವಂತೆ, ಮಗನನ್ನು ಮಾರಿ ಅನ್ನ ಉಣ್ಣುವವರು ಇದ್ದಾರೆ ಎನ್ನುತ್ತಿದ್ದಳು. ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಡುತ್ತಿದ್ದ. ನನಗೆ ಇವತ್ತಿಗೂ ಪಂಕ್ತಿಯಲ್ಲಿ ಕೂತು ಉಣ್ಣಲು ಆಗುವುದಿಲ್ಲ.

ಈ ಜಗಳದಲ್ಲಿ ಎಲ್ಲರೂ ಮರೆತವಳೆಂದರೆ ಚಿಗವ್ವ. ಅವಳು ಕಾಕಾನ ಹೆಂಡತಿ ಗೌರವ್ವ, ಮಸ್ಕಿಯ ಮಗಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಹೋಗಿದ್ದ. ಹಣೆಯವರೆಗೆ ಸೆರಗು ಎಳೆದುಕೊಂಡು ಬೆಳಗಿನಿಂದ ಕತ್ತಲಾಗುವ ತನಕ ಕಸ, ಮುಸುರೆ, ರೊಟ್ಟಿ, ದನ ಎಂದು ದುಡಿಯುತ್ತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಾದರೂ ಕಾರ್ಯವಿದ್ದರೆ ಅವಳಿಗೆ ಅರಿಷಿಣ ಕುಂಕುಮ ಕೊಡಲು ಬಂದ ಹೆಂಗಸರ ಕೈ ಅರ್ಧಕ್ಕೇ ತಡೆಯುತ್ತಿತ್ತು. ಮುತ್ತೈದೆ ಅನ್ನಲು ಧೈರ್ಯವಿಲ್ಲ, ಅಲ್ಲ ಅನ್ನಲು ಬಾಯಿಲ್ಲ. ನಾನು ಅವಳ ಕೌದಿಯೊಳಗೇ ಮಲಗುತ್ತಿದ್ದೆ, ಅವಳ ಕೈಯಿಂದಲೇ ಹೆರಳು ಹಾಕಿಸಿಕೊಳ್ಳುತ್ತಿದ್ದೆ. ನಮ್ಮ ಅವ್ವನಿಗೆ ಮೇಲಿಂದ ಮೇಲೆ ಕೂಸುಗಳು, ನನಗೆ ಎಲ್ಲವೂ ಚಿಗವ್ವನೇ. ಅವಳು ಇಲ್ಲದ ಮನೆಯನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ.

ಅವಳ ಅಣ್ಣ ಚೆನ್ನಪ್ಪ ಮಾತ್ರ ವರ್ಷ ವರ್ಷವೂ ಮಸ್ಕಿಯಿಂದ ಬಂದು ಪಡಸಾಲೆಯಲ್ಲಿ ಕೂತು ಒಂದೇ ಮಾತು ಎತ್ತುತ್ತಿದ್ದ. ಲಿಂಗಸುಗೂರಿನ ಹತ್ತಿರ ಹೆಂಡತಿ ಸತ್ತ ಒಬ್ಬ ರೈತನಿದ್ದಾನೆ, ಒಳ್ಳೆಯ ಮನುಷ್ಯ, ತಂಗಿಗೆ ಅಲ್ಲಿ ಉಡಕಿ ಮಾಡುತ್ತೇವೆ, ಕಳಿಸಿಕೊಡಿ ಎಂದು. ಉಡಕಿ ಎಂದರೆ ಎರಡನೆಯ ಮದುವೆ, ನಮ್ಮ ಮಂದಿಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ಗಂಡನ ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಸೊಸೆಯ ಉಡಿ ತುಂಬಿ ಕಳಿಸಬೇಕು. ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ, ರವಿಕೆಗಾಗುವ ಕುಬಸದ ಕಣ ಸೆರಗಿಗೆ ಹಾಕಿದರೆ ಆ ಮನೆಯ ಋಣ ಹರಿಯಿತು. ಹಾಕದಿದ್ದರೆ ಯಾವ ಸ್ವಾಮಿಯೂ ಉಡಕಿಗೆ ಬಂದು ನಿಲ್ಲುತ್ತಿರಲಿಲ್ಲ. ಆಯಿ ಹಾಕಲಿಲ್ಲ. ನನ್ನ ಮಗ ಬದುಕಿರುವಾಗ ಯಾವ ಬಾಯಿಂದ ಕೇಳುತ್ತಿ ಎಂದು ಚೆನ್ನಪ್ಪನಿಗೆ ಚಹಾ ಕೂಡ ಕೊಡಿಸದೆ ಕಳಿಸುತ್ತಿದ್ದಳು.

ನನಗೆ ಹನ್ನೆರಡೋ ಹದಿಮೂರೋ ಇರುವಾಗ ಮುಂದಿನ ಕೋಣೆಗೆ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಬಾಡಿಗೆಗೆ ಬಂದರು. ಲಿಂಗಸುಗೂರಿನವರು, ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಿದ್ದರು. ಮೂಗಿಗೆ ನಶ್ಯ, ಬಾಯಿಗೆ ದೂರು. ಸೀಸದ ಕಡ್ಡಿ ಹಿಡಿಯಲು ಬಾರದ ಹುಡುಗರಿಗೆ ಬದನೆಕಾಯಿ ಬರೆಯಿಸುತ್ತ ತಮ್ಮ ಕೈ ಹಾಳಾಯಿತು, ಇಲ್ಲದಿದ್ದರೆ ತಾವು ಎಲ್ಲಿಯೋ ಇರಬೇಕಿತ್ತು ಎಂದು ಗೋಡೆಗೂ ಹೇಳುತ್ತಿದ್ದರು. ಅವರು ಬಂದ ದಿನವೇ ರಟ್ಟಿಗೆ ಅಂಟಿಸಿದ ಒಂದು ಅಚ್ಚಿನ ಚಿತ್ರವನ್ನು ಗೋಡೆಗೆ ಹೊಡೆದರು. ಯಾವುದೋ ದೊಡ್ಡ ಶಹರದ ಬೀದಿ. ಎರಡೂ ಬದಿಗೆ ಮಾಳಿಗೆಯ ಮೇಲೆ ಮಾಳಿಗೆ, ಅಂಗಡಿಗಳ ಮುಂದೆ ಬಟ್ಟೆಯ ಚಪ್ಪರ, ಆಗಷ್ಟೇ ಮಳೆ ನಿಂತ ರಸ್ತೆ. ರಸ್ತೆಯಲ್ಲಿ ಟಾಂಗಾ, ಬುಟ್ಟಿ ಹೊತ್ತ ಹೆಂಗಸರು, ಟೊಪ್ಪಿಗೆಯವರು. ಎಲ್ಲರಿಗಿಂತ ಮುಂದೆ, ನಮಗೆ ಬೆನ್ನು ಮಾಡಿ, ಬಿಳಿ ಧೋತರ, ಕರಿ ಕೋಟಿನ ಒಬ್ಬ ಮನುಷ್ಯ ಕಂಕುಳಲ್ಲಿ ಛತ್ರಿ ಇರುಕಿಕೊಂಡು ನಡೆದು ಹೋಗುತ್ತಿದ್ದ.

ಸೋಮವಾರ ಮಾಸ್ತರರಿಗೆ ಹೋಳಿಗೆ ಕೊಡಲು ಹೋದ ಆಯಿ ಆ ಚಿತ್ರದ ಮುಂದೆ ನಿಂತುಬಿಟ್ಟಳು. ತಟ್ಟೆ ಹಿಡಿದು ನಾನು ಹಿಂದೆ ಇದ್ದೆ.

“ಮಾಸ್ತರ, ಇದು ಯಾವ ಊರು?”

“ಊರಿನ ಹೆಸರು ಬರೆದಿಲ್ರೀ ಅಮ್ಮಾರ. ಯಾವದರ ದೊಡ್ಡ ಶಹರ ಇರಬೇಕು.”

“ಇಂವ ಯಾರು?”

“ಹಾದ್ಯಾಗ ಹೋಗಾಂವ. ಯಾರಂತ ಹೇಳ್ಲಿ?”

“ನಾ ಹೇಳ್ತೀನಿ. ಇಂವ ನನ್ನ ಮಗ. ತಲಿ ನೋಡ್ರಿ, ಎಡಕ್ಕ ವಾಲಿಸ್ಯಾನ. ಸಣ್ಣಾಂವ ಇದ್ದಾಗಿಂದ ಹಿಂಗ ನಡೀತಾನ.”

ಮನೆಯೇ ಕೂಡಿತು. ಅಪ್ಪ ಒಂದು ಸಲ ನೋಡಿ, ಇದು ಅಚ್ಚಿನ ಚಿತ್ರ ಬೇ, ಇಂಥಾವು ಸಾವಿರ ಇರತಾವ ಎಂದ. ಅವ್ವ ಜಗಳ ತಪ್ಪಲೆಂದು ಹೌದೌದು, ಅವರ ಹಾಂಗ ಐತಿ ಎಂದಳು. ಚಿಗವ್ವ ಬಾಗಿಲ ಮರೆಯಿಂದ ಇಣುಕಿ ನೋಡಿ, ಒಲೆಯ ಮೇಲೆ ಹಾಲಿದೆಯೆಂದು ಒಳಗೆ ಹೋದಳು. ಆಯಿ ಆ ಚಿತ್ರವನ್ನು ಕೊಡಿ ಎಂದು ಹಟ ಹಿಡಿದಳು. ಮಾಸ್ತರರು ಅದು ತಮ್ಮ ಗುರುಗಳು ಕೊಟ್ಟದ್ದು, ಜೀವ ಹೋದರೂ ಕೊಡುವುದಿಲ್ಲ ಎಂದರು. ಎರಡು ದಿನ ಆಯಿ ಅವರಿಗೆ ನೀರು ಸೇದಲು ಬಾವಿಯ ಹಗ್ಗ ಕೊಡಲಿಲ್ಲ. ಕಡೆಗೆ ಅವರೇ ದಾರಿ ಹುಡುಕಿದರು. ನಾನು ಅಂಗಳದಲ್ಲಿ ಇದ್ದಿಲಿನಿಂದ ಎತ್ತು, ಬಂಡಿ ಗೀಚುವುದನ್ನು ನೋಡಿದ್ದರಂತೆ. ಹುಡುಗಿಯ ಕೈ ಚಲೋ ಇದೆ, ನಾನು ಕಲಿಸುತ್ತೇನೆ, ಇದನ್ನೇ ನೋಡಿ ಎಣ್ಣೆಬಣ್ಣದಲ್ಲಿ ಇನ್ನೊಂದು ಬರೆಯಲಿ, ಅದು ನಿಮಗೆ ಎಂದರು. ಹೆಣ್ಣುಹುಡುಗಿ ಬಣ್ಣ ಬಳಿದುಕೊಂಡು ಕೂತರೆ ಮಂದಿ ಏನೆಂದಾರು ಎಂದು ಅಪ್ಪ ತಕರಾರು ತೆಗೆದ. ಆಯಿ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಕೈಗೆ ಬ್ರಶ್ಶು ಬಂದದ್ದು ಹೀಗೆ. ನನ್ನ ಮೇಲಿನ ಪ್ರೀತಿಯಿಂದ ಅಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಆದರೂ ನಾನು ಕುಣಿದೆ.

ಕಲಿಕೆ ಶುರುವಾದದ್ದು ಬಣ್ಣದಿಂದಲ್ಲ, ಅಂಟಿನಿಂದ. ಚೌಕಟ್ಟಿಗೆ ಬಿಗಿದ ಖಾದಿ ಬಟ್ಟೆಗೆ ಬಡಗಿಗಳು ಬಳಸುವ ಸರೇಸು ಬಳಿಯಬೇಕೆಂದರು ಮಾಸ್ತರರು. ಸರೇಸು ಚರ್ಮ ಕುದಿಸಿ ಮಾಡಿದ್ದು, ಲಿಂಗಪೂಜೆಯ ಮನೆಯೊಳಗೆ ಅದು ಬರುವುದಿಲ್ಲ ಎಂದಳು ಆಯಿ. ಕಂಬಳಿ ನೇಯುವವರು ಹಚ್ಚುವ ಹುಣಸೆ ಬೀಜದ ಸರಿಯನ್ನು, ಅಂದರೆ ಗಂಜಿಯಂಥ ಅಂಟನ್ನು, ಚಿಗವ್ವ ಕುದಿಸಿ ಕೊಟ್ಟಳು, ಅದರ ಮೇಲೆ ಸಫೇದಾ ಎಂಬ ಬಿಳಿ ಪುಡಿ ಬಳಿದೆವು. ಬಟ್ಟೆ ತಗಡಿನ ಹಾಗೆ ಬಿಗಿಯಾಯಿತು. ಅಚ್ಚಿನ ಚಿತ್ರದ ಮೇಲೆ ಅಡ್ಡ ಉದ್ದ ದಾರ ಕಟ್ಟಿ ಚೌಕದ ಮನೆಗಳನ್ನು ಮಾಡಿ, ಬಟ್ಟೆಯ ಮೇಲೂ ಅಷ್ಟೇ ಮನೆಗಳನ್ನು ದೊಡ್ಡದಾಗಿ ಗೆರೆ ಹಾಕಿ, ಒಂದೊಂದು ಮನೆಯೊಳಗೆ ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕು. ಬಣ್ಣದ ಪುಡಿಯನ್ನು ಒರಳುಗಲ್ಲಿನಂಥ ಕಲ್ಲಿನ ಮೇಲೆ ಎಣ್ಣೆ ಹಾಕಿ ಅರೆಯಬೇಕು. ಎಣ್ಣೆ ಅಗಸೆಯದೇ ಆಗಬೇಕು. ಅದು ನಮ್ಮ ಮನೆಯಲ್ಲೇ ಇತ್ತು. ಕೈಬಿಟ್ಟು ಹೋದ ಹೊಲದಲ್ಲಿ ಜೋಳದ ನಡುವೆ ಸಾಲು ಹಾಕಿ ಬೆಳೆದ ಅಗಸೆಯನ್ನು ಗಾಣಕ್ಕೆ ಹಾಕಿಸಿದ್ದ ಹಳೆಯ ಎಣ್ಣೆ, ಅಡಿಗೆಗೆ ಬಾರದಷ್ಟು ಕಮಟು ವಾಸನೆ ಹಿಡಿದು ಅಟ್ಟದಂಥ ನಾಗೊಂದಿಯ ಮೂಲೆಯಲ್ಲಿ ಕೂತಿತ್ತು. ಭತ್ತ ಬಂದ ಮೇಲೆ ನಮ್ಮ ಸುತ್ತ ಯಾರೂ ಅಗಸೆ ಬಿತ್ತುತ್ತಿರಲಿಲ್ಲ.

ಮಾಸ್ತರರು ಕಲಿಸಿದ್ದರಲ್ಲಿ ಒಂದು ಮಾತನ್ನು ನಾನು ಆಮೇಲೆ ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಮನುಷ್ಯನನ್ನು ಬರೆಯುವಾಗ ಮನುಷ್ಯ ಎಂದು ನೋಡಬೇಡ, ಬೆಳಕಿನ ತುಂಡು, ನೆರಳಿನ ತುಂಡು ಎಂದು ನೋಡು. ಅದು ನನಗೆ ಹತ್ತದಿದ್ದಾಗ ಚಿತ್ರವನ್ನೇ ತಲೆಕೆಳಗು ಮಾಡಿ ನೇತುಹಾಕಿದರು. ಆಗ ಮನೆ, ಟಾಂಗಾ, ಹೆಂಗಸರು ಎಲ್ಲವೂ ಗುರುತು ಸಿಗದ ಬಣ್ಣದ ತುಂಡುಗಳಾದವು, ನನ್ನ ಕೈ ತಾನಾಗಿ ಓಡತೊಡಗಿತು. ಅಷ್ಟರಲ್ಲಿ ಆಯಿ ಬಂದಳು.

“ಅಯ್ಯ ಶಿವನ! ನನ್ನ ಮಗನ್ನ ತಲಿಕೆಳಗ ಮಾಡಿ ತೂಗು ಹಾಕ್ಯಾರಲ್ಲೋ! ಮಾಸ್ತರ, ನಿಮಗ ಮಕ್ಕಳಿಲ್ಲೇನು?”

“ಇದು ಕಲಿಸೂ ಪದ್ಧತಿ ಅಮ್ಮಾರ.”

“ಪದ್ಧತಿ ನಿಮ್ಮ ಸಾಲ್ಯಾಗ ಇಟ್ಕೋರಿ. ನೆಟ್ಟಗ ಮಾಡ್ರಿ ಮೊದಲ.”

ನೆಟ್ಟಗೆ ಮಾಡಿದೆವು. ಅಂದಿನಿಂದ ಆಯಿ ಪೂಜೆ ಮುಗಿಸಿ ನನ್ನ ಪಕ್ಕದಲ್ಲಿ ಬಂದು ಕೂರತೊಡಗಿದಳು. ಆಕಾಶ ಬರೆಯುವಾಗಲೂ, ಅಂಗಡಿಗಳ ಚಪ್ಪರ ಬರೆಯುವಾಗಲೂ ಅವಳದು ಒಂದೇ ಪ್ರಶ್ನೆ, ಅಂವ ಯಾವಾಗ ಎಂದು. ಹಿಂದಿನದು ಮೊದಲು, ಮುಂದಿನ ಮನುಷ್ಯರು ಕಡೆಗೆ ಎಂದು ಮಾಸ್ತರರ ಕಟ್ಟಪ್ಪಣೆ. ಬೀದಿ ಮುಗಿದು, ದೂರದ ಮಂದಿಯೂ ಮುಗಿದು, ಛತ್ರಿಯವನ ಜಾಗವೊಂದು ಬಿಳಿಯಾಗಿ ಉಳಿದ ಹೊತ್ತಿಗೆ ದಸರೆಯ ಸೂಟಿ ಬಂತು. ನಾನು ಬರುವ ತನಕ ಅವನನ್ನು ಮುಟ್ಟಬೇಡ ಎಂದು ಹೇಳಿ ಮಾಸ್ತರರು ಲಿಂಗಸುಗೂರಿಗೆ ಹೋದರು.

ಅವರ ಬಸ್ಸು ಊರು ದಾಟಿತ್ತೋ ಇಲ್ಲವೋ, ಆಯಿ ನನ್ನ ಮುಂದೆ ಬಂದು ಕೂತಳು.

“ಸರೋಜಿ, ಅವನ್ನ ಈ ಕಡೆ ತಿರುಗಿಸು.”

“ಚಿತ್ರದಾಗ ಬೆನ್ನೈತಿ ಆಯಿ. ಇದ್ದಾಂಗ ಬರೀಬೇಕಂತ ಮಾಸ್ತರು ಹೇಳ್ಯಾರ.”

“ಬೆನ್ನು ತೋರಿಸಿ ಹೋದದ್ದು ಸಾಕು. ಮನಿ ಕಡೆ ಮಾರಿ ಮಾಡಿ ಬರ್ಲಿ.”

ನಾನು ಹೆದರಿ ಅತ್ತುಬಿಟ್ಟೆ. ನೋಡಿ ಇಳಿಸಲು ಮಾತ್ರ ಕಲಿತಿದ್ದ ನಾನು ಇಲ್ಲದ ಮುಖವನ್ನು ಎಲ್ಲಿಂದ ತರಲಿ? ಆಯಿ ಹೇಳತೊಡಗಿದಳು, ಮೂಗು ನನ್ನದು, ಹಣೆ ನಿಮ್ಮಜ್ಜನದು. ಅವ್ವ ಮೀಸೆ ಇತ್ತು ಎಂದಳು, ಆಯಿ ಇರಲಿಲ್ಲ ಎಂದಳು. ಇದ್ದದ್ದನ್ನು ನಾನೇ ನೋಡಿದ್ದೇನೆಂದು ಅವ್ವ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮೀಸೆ ನಿನಗೆ ಗೊತ್ತೇನೆಂದು ಆಯಿ. ಅಪ್ಪನನ್ನು ಕೇಳಿದರೆ ಅವನು ಅರಿವೆ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ರೊಟ್ಟಿ ಬಡಿಯುತ್ತಿದ್ದ ಚಿಗವ್ವನ ಹತ್ತಿರ ಹೋಗಿ ನಾನೊಬ್ಬಳೇ ಕೇಳಿದೆ.

“ಚಿಗವ್ವಾ, ಕಾಕಾನ ಮಾರಿ ಹ್ಯಾಂಗಿತ್ತು?”

“ನನಗ ಗೊತ್ತಿಲ್ಲವಾ.”

“ಗಂಡನ ಮಾರಿ ಗೊತ್ತಿಲ್ಲೇನು?”

“ಹಗಲೆಲ್ಲ ಸೆರಗು ಜಗ್ಗಿಕೊಂಡು ನಿಲ್ಲಬೇಕು, ಹಿರ್ಯಾರ ಮುಂದ ತಲಿ ಎತ್ತಂಗಿಲ್ಲ. ಕತ್ತಲಾದ ಮ್ಯಾಲ ದೀಪ ಇರಂಗಿಲ್ಲ. ಯಾವಾಗ ನೋಡ್ಲಿ ಹೇಳು?”

ಅವಳು ಇದನ್ನು ದುಃಖದಿಂದ ಹೇಳಲಿಲ್ಲ, ರೊಟ್ಟಿ ಮಗುಚುತ್ತ ಹೇಳಿದಳು. ಯಾಕೆಂದು ತಿಳಿಯುವ ವಯಸ್ಸಲ್ಲ, ಆದರೂ ಮದುವೆ ಎಂಬ ಮಾತಿನ ಮೇಲೆ ನನಗೆ ಸಿಟ್ಟು ಬಂತು, ಮತ್ತು ಆ ಸಿಟ್ಟು ಪೂರಾ ಹೋಗಲೇ ಇಲ್ಲ.

ಬಣ್ಣ ಅರೆಯಲು ಕೂತಾಗ ಆಯಿ ಅಗಸೆ ಎಣ್ಣೆಯ ಗಡಿಗೆಯನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದಳು. ಮಗ ವರ್ಷಗಟ್ಟಲೆ ಆದಮೇಲೆ ಮನೆಗೆ ತಿರುಗುತ್ತಿದ್ದಾನೆ, ಅವನನ್ನು ಈ ಕಮಟು ಎಣ್ಣೆಯಲ್ಲಿ ಬರೆಯುವುದೇ? ಗಾಣಿಗರ ಮನೆಗೆ ಅವಳೇ ಹೋಗಿ, ಅಂದೇ ತೆಗೆದ ಶೇಂಗಾ ಎಣ್ಣೆ ತಂದಳು. ಘಮ್ಮೆನ್ನುವ, ನೀರಿನ ಹಾಗೆ ತಿಳಿಯಾದ ಎಣ್ಣೆ. ಎಣ್ಣೆ ಎಣ್ಣೆಯೇ ಎಂದು ನಾನೂ ತಿಳಿದೆ. ಹಾಗೆ ನಮ್ಮ ಮನೆಯ ಅತ್ಯಂತ ಒಳ್ಳೆಯ ಎಣ್ಣೆಯಲ್ಲಿ ಕಾಕಾ ಶಹರದ ಬೀದಿಯಲ್ಲಿ ನಮ್ಮ ಕಡೆ ತಿರುಗಿದ. ಮೂಗು ಆಯಿಯದು, ಹುಬ್ಬು ಅಪ್ಪನದು, ಮೀಸೆ ಇದೆಯೋ ಇಲ್ಲವೋ ಅನ್ನುವಷ್ಟು. ಮುಖ ರೂಪಾಯಿ ಬಿಲ್ಲೆಯಷ್ಟಿತ್ತು. ಆಯಿ ಅದನ್ನು ನೋಡಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನ್ನ ಜೀವನದಲ್ಲಿ ನನ್ನ ಕೆಲಸಕ್ಕೆ ಅಂಥ ಹೊಗಳಿಕೆ ಮತ್ತೆ ಸಿಕ್ಕಿಲ್ಲ.

ಚಿತ್ರ ಪಡಸಾಲೆಯ ಗೋಡೆಗೆ ಏರಿತು. ಆಯಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಮಗನ ಹಣೆಗೂ ಹಚ್ಚತೊಡಗಿದಳು. ಅದೇ ವಾರ ಚೆನ್ನಪ್ಪ ಮಸ್ಕಿಯಿಂದ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಈ ಸಲ ಆಯಿ ಬೈಯಲಿಲ್ಲ. ಚಹಾ ಕೊಡಿಸಿದಳು, ಎದ್ದು ಹೋಗಿ ಗೋಡೆ ತೋರಿಸಿದಳು.

“ನೋಡ್ರಿ, ಮಾರಿ ಈ ಕಡೆ ಮಾಡ್ಯಾನ. ಬರಾಕತ್ತಾನ. ಇನ್ನ ಯಾವ ಉಡಕಿ?”

ಚಿತ್ರಕ್ಕೆ ಎದುರುತ್ತರ ಹೇಗೆ ಕೊಡುವುದು ಎಂದು ಹಿರಿಯರಿಗೆ ತಿಳಿಯಲಿಲ್ಲ, ಚೆನ್ನಪ್ಪ ಹಲ್ಲು ಕಡಿದುಕೊಂಡು ಎದ್ದ. ನನಗೆ ಅಂದು ಖುಷಿಯಾಗಿತ್ತು, ಚಿಗವ್ವ ಹೋಗುವುದಿಲ್ಲ ಎಂದು. ಸಂಜೆ ಅವಳು ಕೊಟ್ಟಿಗೆಯಲ್ಲಿ ಎಮ್ಮೆಯ ಬೆನ್ನಿಗೆ ಹಣೆ ಹಚ್ಚಿ ನಿಂತಿದ್ದಳು. ಹೆರಳು ಹಾಕು ಬಾ ಎಂದು ಕರೆದೆ. ಬಂದು ಹಾಕಿದಳು. ಆದರೆ ಎಷ್ಟು ಬಿಗಿಯಾಗಿ ಎಳೆದಳೆಂದರೆ ನನ್ನ ಕಣ್ಣಲ್ಲಿ ನೀರು ಬಂತು, ಅವಳು ಗಮನಿಸಲಿಲ್ಲ. ಅಲ್ಲಿಗೆ ನನ್ನ ಖುಷಿ ಹೋಯಿತು.

ಸೂಟಿ ಮುಗಿಸಿ ಬಂದ ಮಾಸ್ತರರು ಚಿತ್ರ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು.

“ನೋಡಿ ಬರಿಯವಾ ಅಂದ್ರ ಮಗನ್ನ ಹಡದು ಕೊಟ್ಟೀಯಲ್ಲ! ಮತ್ತ ಇದೇನಿದು, ಇನ್ನೂ ಹಸಿ ಐತಿ? ಯಾವ ಎಣ್ಣಿ ಹಾಕೀದಿ?”

ಹೇಳಿದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಎಂದೂ ಒಣಗುವುದಿಲ್ಲ, ಇದನ್ನು ಕೆರೆದು ತೆಗೆದು ಬೇರೆ ಬರೆಯಬೇಕು ಎಂದರು. ತಮ್ಮೂರಿನಿಂದ ಒಂದು ಸೀಸೆ ಅಗಸೆ ಎಣ್ಣೆಯನ್ನೂ ತಂದಿದ್ದರು. ಕೆರೆಯುವ ಮಾತು ಕೇಳಿ ಆಯಿ ಚಿತ್ರಕ್ಕೆ ಅಡ್ಡ ನಿಂತಳು.

“ನನ್ನ ಮಗ ಒಣಗೂದು ಬ್ಯಾಡ ಮಾಸ್ತರ. ಹಸಿ ಇರಲಿ. ಜೀವ ಇದ್ದದ್ದು ಹಸೀನ ಇರತೈತಿ.”

ಮಾಸ್ತರರು ನಶ್ಯ ಏರಿಸಿ ಕೋಣೆಗೆ ಹೋದರು. ಹಾಗಾಗಿ ಸುತ್ತಲಿನ ಬೀದಿ, ಟಾಂಗಾ, ಹೆಂಗಸರು ಎಲ್ಲ ಒಣಗಿ ಗಟ್ಟಿಯಾದರು, ಕಾಕಾ ಒಬ್ಬ ಹಸಿಯಾಗಿ ಉಳಿದ. ದಿನವೂ ಆಯಿಯ ಬೆರಳು, ದಿನವೂ ವಿಭೂತಿ. ಬೂದಿ ಬಣ್ಣದೊಳಗೆ ಕಲೆತು ಹಣೆ ಮೊದಲು ಬೂದುಗಟ್ಟಿತು. ಆಮೇಲೆ ಹುಬ್ಬು ಹಣೆಗೆ ಏರಿತು. ಮೂಗು ಸರಿದು ಕೆನ್ನೆಗೆ ಹತ್ತಿತು. ನಾವೆಲ್ಲ ನೋಡುತ್ತಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಹೇಳುವವರು ಯಾರು? ಹೇಳಿದರೆ ಊಟದ ಹೊತ್ತಿಗೆ ಮತ್ತೆ ಹಳೆಯ ಜಗಳ. ಆಯಿಯ ಕಣ್ಣಿಗೆ ಪೊರೆ ಬರುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲವೋ, ಕಾಣುವುದು ಬೇಡವಾಗಿತ್ತೋ, ನಾನು ಹೇಳಲಾರೆ.

ಒಂದು ಬೆಳಿಗ್ಗೆ, ಸುಗ್ಗಿ ಮುಗಿದಿತ್ತು, ಆಯಿ ವಿಭೂತಿ ಹಚ್ಚಿ ಕೈ ತೆಗೆದವಳು ಬಾಗಿಲಿನ ಬೆಳಕಿಗೆ ಬೆರಳು ಹಿಡಿದು ನೋಡಿಕೊಂಡಳು. ಬೆರಳ ತುದಿಯಲ್ಲಿ ಕಣ್ಣಿನ ಕಪ್ಪು ಬಂದಿತ್ತು. ಚಿತ್ರದ ಹತ್ತಿರ ಮುಖ ಒಯ್ದು ನೋಡಿದಳು. ಕೋಟಿನ ಮೇಲೆ ಒಂದು ಬೂದಿಯ ಮುದ್ದೆ ಇತ್ತು, ಮುಖ ಇರಲಿಲ್ಲ. ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅವ್ವ ಓಡಿ ಬಂದಳು, ಅಪ್ಪ ಹೊರಗಿನಿಂದ ಬಂದ. ಆಯಿ ಇಬ್ಬರನ್ನೂ ನೋಡಲಿಲ್ಲ.

“ಸರೋಜಿ, ಮತ್ತ ಬರಿಯವಾ. ಅವನ ಮಾರಿ ಬರಿ.”

“ಹ್ಯಾಂಗಿತ್ತು ಆಯಿ? ಹೇಳು, ಬರೀತೀನಿ.”

ಈ ಸಲ ಆಯಿ ಮೂಗು ನನ್ನದು ಎನ್ನಲಿಲ್ಲ. ದಿನವೂ ನನ್ನ ಚಿತ್ರವನ್ನು ನೋಡಿ ನೋಡಿ, ಅವಳ ಮನಸ್ಸಿನಲ್ಲಿದ್ದ ಮುಖವನ್ನು ನಾನು ಬರೆದ ಮುಖ ತಿಂದುಹಾಕಿತ್ತು, ಈಗ ಅದೂ ಇಲ್ಲ. ತಾಯಿಗೆ ಮಗನ ಮುಖ ನೆನಪಾಗದೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕಿಂತ ಕೆಟ್ಟದ್ದನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಆಗ ಅವಳು ಅಡಿಗೆಮನೆಯ ಕಡೆ ತಿರುಗಿ ಕೂಗಿದಳು.

“ಗೌರವ್ವಾ, ನೀ ಬಾ ಬೇ. ನೀನರ ಹೇಳು. ಹ್ಯಾಂಗಿದ್ದ ಅಂವ?”

ಚಿಗವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ಮಾರಿ ನಾ ನೋಡಿಲ್ರೀ ಅತ್ತಿ. ಬೆನ್ನು ನೋಡೀನಿ. ದಿನಾ ಹೊಲಕ್ಕ ಹೋಗೂಮುಂದ ನೋಡ್ತಿದ್ದೆ, ಬಿಟ್ಟು ಹೋದ ದಿನಾನೂ ನೋಡೀನಿ. ಬೆನ್ನು ಬರೋಬ್ಬರಿ ನೆನಪೈತಿ.”

“ಹೇಳು ಮತ್ತ.”

“ಮಾಸ್ತರ ಚಿತ್ರದಾ‌ಗಿನ ಬೆನ್ನು ಅವರದಲ್ರೀ. ಅವತ್ತ ನೋಡಿದಾಗ ಗೊತ್ತಾತು.”

ಆಯಿ ಸಿಟ್ಟಿಲ್ಲದೆ ಕೇಳಿದಳು.

“ಅವತ್ತ ಯಾಕ ಹೇಳಲಿಲ್ಲ?”

“ನನ್ನ ಯಾರೂ ಕೇಳಲಿಲ್ರೀ ಅತ್ತಿ.”

ಅಪ್ಪ ತಲೆ ತಗ್ಗಿಸಿದ. ಆಯಿ ಗೋಡೆ ಹಿಡಿದು ಎದ್ದು, ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡಳು. ಸಂಜೆ ಹೊರಗೆ ಬಂದು ಅಪ್ಪನಿಗೆ ಹೇಳಿದ್ದು ಇಷ್ಟೇ, ಮಸ್ಕಿಗೆ ಆಳು ಕಳಿಸು, ಚೆನ್ನಪ್ಪನಿಗೆ ಬರಹೇಳು ಎಂದು. ನಾನು ಆ ದಿನದಿಂದ ಚಿಗವ್ವ ಹೋಗುವ ದಿನದವರೆಗೆ ಅವಳ ಸೆರಗು ಬಿಡಲಿಲ್ಲ. ಹೋಗಬೇಡ ಎಂದು ಒಮ್ಮೆ ಕೇಳಿದೆ. ಅವಳು ನನ್ನ ಗಲ್ಲ ಸವರಿದಳು, ಇರುತ್ತೇನೆ ಎನ್ನಲಿಲ್ಲ.

ಚೆನ್ನಪ್ಪ ಬಂಡಿ ಕಟ್ಟಿಸಿಕೊಂಡು ಬಂದ ದಿನ ಆಯಿ ಪಡಸಾಲೆಯಲ್ಲಿ ಮಣೆ ಹಾಕಿ ಚಿಗವ್ವನನ್ನು ಕೂರಿಸಿದಳು. ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಎಲೆ, ಅಡಿಕೆ, ಹಸಿರು ಕುಬಸದ ಕಣ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು, ಅವ್ವ ಆಯ್ದು ಮತ್ತೆ ಹಾಕಿದಳು.

“ಸೆರಗು ಸರಸು. ಕುಂಕುಮ ಹಚ್ಚತೀನಿ.”

ಚಿಗವ್ವ ಸೆರಗು ಹಿಂದೆ ಸರಿಸಿ ಮುಖ ಎತ್ತಿದಳು. ಆಯಿ ಕುಂಕುಮದ ಬೆರಳನ್ನು ಹಾಗೇ ಹಿಡಿದು, ಪೊರೆಗಣ್ಣನ್ನು ಕಿರಿದು ಮಾಡಿ, ಹತ್ತಿರ ಬಗ್ಗಿ ನೋಡಿದಳು.

“ಗಲ್ಲದ ಮ್ಯಾಲ ಮಚ್ಚಿ ಐತೇನ್ ಬೇ ನಿನಗ?”

“ಹುಟ್ಟಿದಾಗಿಂದ ಐತ್ರೀ ಅತ್ತಿ.”

ಆಯಿ ಕುಂಕುಮ ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, ಸರೋಜಿ, ಇಕೀನ ಬರಕೋ, ಹೋಗೂಕಿಂತ ಮೊದಲ ಬರಕೋ ಎಂದಳು. ಹೊರಗೆ ಎತ್ತುಗಳು ಕೊರಳು ಅಲ್ಲಾಡಿಸುತ್ತಿದ್ದವು, ಹೊತ್ತಾಯಿತೆಂದು ಚೆನ್ನಪ್ಪ ಕೂಗಿದ. ಇರಲಿ ತಡಿ ಎಂದು ಆಯಿ ಗದರಿದಳು. ನಾನು ಮಾಸ್ತರರ ಕೋಣೆಯಿಂದ ಕಾಗದ, ಇದ್ದಿಲು ತಂದು ಚಿಗವ್ವನ ಎದುರಿಗೆ ಕೂತೆ. ದಾರದ ಮನೆಗಳಿಲ್ಲ, ಅಚ್ಚಿನ ಚಿತ್ರವಿಲ್ಲ, ಉಸಿರಾಡುವ ಮುಖ. ಬೆಳಕಿನ ತುಂಡು, ನೆರಳಿನ ತುಂಡು ಎಂದು ನೋಡಲು ಹೋದೆ, ಆಗಲಿಲ್ಲ. ದಿನವೂ ಹತ್ತಿರ ಮಲಗಿ ನೋಡಿದ ಮುಖ ಅದು, ಅದರ ಯಾವ ಗೆರೆಯೂ ನನ್ನ ಕೈಗೆ ಬರಲಿಲ್ಲ. ಅಳು ನುಂಗಿಕೊಂಡು ಗೀಚಿದೆ. ಮೂಗು ಉದ್ದವಾಯಿತು, ಒಂದು ಕಣ್ಣು ಮೇಲಾಯಿತು. ಚಿಗವ್ವ ಬಗ್ಗಿ ನೋಡಿದಳು.

“ಇದು ನಾ ಅಲ್ಲ ತಗೋ!”

ಎಂದು ಅವಳು ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಸೆರಗು ಎಳೆದುಕೊಳ್ಳದೆ, ಅತ್ತೆಯ ಎದುರಿಗೇ ನಕ್ಕಳು. ಅಷ್ಟು ವರ್ಷ ಒಂದೇ ಕೌದಿಯಲ್ಲಿ ಮಲಗಿದರೂ ಆ ನಗೆ ನಾನು ಕಂಡಿರಲಿಲ್ಲ. ನಗುತ್ತಲೇ ಎದ್ದು ಬಂಡಿ ಹತ್ತಿದಳು. ನನ್ನನ್ನು ಬಿಟ್ಟು ಹೋಗುವಾಗಲೂ ಅವಳಿಗೆ ನಗು ಬಂತಲ್ಲ ಎಂದು ನಾನು ಆ ಕಾಗದವನ್ನು ಎದೆಗೊತ್ತಿಕೊಂಡು ಹೊಟ್ಟೆಕಿಚ್ಚಿನಿಂದ ಅತ್ತೆ.